ಆಕಾಶದಿಂದ ಉದುರಿದ ಗಡಿಯಾರ

"ಯಾರೂ ಮುಟ್ಟಬೇಡಿ, ಹಿಂದಕ್ಕೆ ಸರೀರಿ," ಎಂದು ನಾನು ಹೇಳಿ ಮುಗಿಸುವ ಮೊದಲೇ ನೋಹನ ನಾವೆಯ ಮೇಲಿನ ಆಕಾಶ ಅಂಗೈಯಗಲ ಜಾರಿ ಬಾವಿಕಟ್ಟೆಯ ಮೇಲೆ ಬಿತ್ತು.

ಬೆಳಗಿನಿಂದ ಹುಯ್ಯುತ್ತಿದ್ದ ಮಳೆ ಆಗಷ್ಟೇ ಬಿಟ್ಟಿತ್ತು. ನಮ್ಮ ಎಲ್ಡರ್‌ಲೋ ಹಳ್ಳಿಯಲ್ಲಿ ಪ್ರತಿ ಜೂನಿಗೂ ಬಾವಿಯ ಸಿಂಗಾರ ನಡೆಯುತ್ತದೆ. ಬಾಗಿಲಿಗಿಂತ ದೊಡ್ಡ ಹಲಗೆಗೆ ಜೇಡಿಮಣ್ಣು ಮೆತ್ತಿ, ಹೂವಿನ ಎಸಳಿನಲ್ಲಿ ಬೈಬಲ್ಲಿನ ಒಂದು ಚಿತ್ರ ತುಂಬಿ, ಬಾವಿಯ ಮೇಲೆ ಎಂಟು ದಿನ ನಿಲ್ಲಿಸುತ್ತೇವೆ. ಈ ಸಲ ಜಲಪ್ರಳಯದ ಚಿತ್ರ. ಅದಕ್ಕೆ ಮಳೆಯೇ ಬಂದು ಹೊಡೆದದ್ದು ಕಂಡು ಬೇರೆ ವರ್ಷವಾಗಿದ್ದರೆ ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಛತ್ರಿ ಹಿಡಿದ ಪ್ರವಾಸಿಗರು ಗುಂಪುಗೂಡಿದರು. ಹೆಂಗಸೊಬ್ಬಳು "ಅಯ್ಯೋ, ಎಷ್ಟು ಚೆನ್ನಾಗಿತ್ತು" ಎಂದು ಲೊಚಗುಟ್ಟಿದಳು. ನಾನು ಬಗ್ಗಿ ನೋಡಿದೆ. ಒದ್ದೆ ಮಣ್ಣಿನ ಉಂಡೆ, ಅದಕ್ಕೆ ಅಂಟಿದ ನೀಲಿ ಎಸಳು, ಒಳಗೊಂದು ಹೆಂಗಸರ ಕೈಗಡಿಯಾರ.

ನಾಟಿಂಗ್‌ಹ್ಯಾಮ್‌ನಿಂದ ನಮ್ಮೂರು ನೋಡಲು ಬಂದ ಏವಿಸ್ ಟ್ಯಾನ್ಸ್ಲಿ ಎಂಬ ಇಪ್ಪತ್ತೊಂಬತ್ತರ ಹೆಂಗಸು ಕಾಣೆಯಾಗಿ ಅಂದಿಗೆ ಎಂಟು ದಿನ. ಅವಳನ್ನು ಹುಡುಕುವ ಹೊಣೆ ಈ ಊರಿನ ಒಬ್ಬನೇ ಪೊಲೀಸನಾದ ನನ್ನದು, ಕಾನ್‌ಸ್ಟೇಬಲ್ ವಿಲ್ಫ್ ಬ್ಯಾಗ್‌ಶಾನದು. ಎಂಟು ದಿನದಲ್ಲಿ ನನ್ನ ಕೈಗೆ ಸಿಕ್ಕ ಮೊದಲ ವಸ್ತು ಅದು, ಸಿಗದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆ ಕ್ಷಣವೇ ಅನ್ನಿಸಿತು.

ಬಾವಿಯ ಎದುರಿನ ಬೆಂಚಿನಿಂದ ಮುದುಕರೊಬ್ಬರು ಎದ್ದು ಬಂದರು. ಅವಳ ತಂದೆ, ಸೆಸಿಲ್ ಟ್ಯಾನ್ಸ್ಲಿ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಗಳು ಕಾಣೆಯಾದ ಮರುದಿನವೇ ಬಂದು, ಹೋಟೆಲಿನಲ್ಲಿ ಕೋಣೆ ಹಿಡಿದು, ದಿನವಿಡೀ ಆ ಬೆಂಚಿನ ಮೇಲೆ ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂರುತ್ತಿದ್ದರು. ಊರಿನ ಹೆಂಗಸರು ಸರದಿಯ ಮೇಲೆ ಅವರಿಗೆ ಚಹಾ ತಂದುಕೊಡುತ್ತಿದ್ದರು.

"ಕೊಡಿ," ಎಂದರು.

ಕೊಡಬಾರದಿತ್ತು, ಅದು ಸಾಕ್ಷ್ಯ. ಆದರೂ ಕೊಟ್ಟೆ. ಅವರು ಹೆಬ್ಬೆರಳಿನಿಂದ ಮಣ್ಣು ಒರೆಸಿದರು.

"ನಿಮ್ಮ ಮಗಳದೇನಾ, ಮಿಸ್ಟರ್ ಟ್ಯಾನ್ಸ್ಲಿ?"

"ಅವಳಿಗೆ ಇಪ್ಪತ್ತೊಂದು ತುಂಬಿದ ವರ್ಷ ನನ್ನ ಕೈಯಾರೆ ಕಟ್ಟಿದ್ದು." ಅವರ ದನಿ ನಡುಗಲಿಲ್ಲ. "ಯಾರು ಬಿಚ್ಚಿದ್ದು ಇದನ್ನ?"

"ಅದನ್ನೇ ಪತ್ತೆ ಮಾಡಬೇಕು."

"ಏವಿಸ್ ಬಿಚ್ಚೋಳಲ್ಲ. ಮಲಗುವಾಗಲೂ ಬಿಚ್ಚೋಳಲ್ಲ. ಯಾರೋ ಬಿಚ್ಚಿದ್ದಾರೆ. ಯಾರು ಅಂತ ನನಗೆ ಹೇಳಬೇಕು ನೀವು."

ಹೆತ್ತವರ ದುಃಖವನ್ನು ನಾನು ಯುದ್ಧಕಾಲದಲ್ಲಿ ಮನೆಮನೆಗೆ ಸಾವಿನ ತಂತಿ ಒಯ್ದು ಕಂಡವನು. ಬಾಗಿಲು ತೆರೆದವರು ಕಾಗದ ಓದದೆ ನನ್ನ ಬೂಟನ್ನೇ ನೋಡುತ್ತಿದ್ದರು. ನನಗೂ ನನ್ನ ಹೆಂಡತಿಗೂ ಮಕ್ಕಳಿಲ್ಲ. ಆ ಮುದುಕರ ಒದ್ದೆ ಭುಜ ಹಿಡಿದು, "ಯಾರೇ ಆಗಿರಲಿ, ಸುದ್ದಿ ಮೊದಲು ಬೀಳೋದು ನಿಮ್ಮ ಕಿವಿಗೆ. ಇನ್‌ಸ್ಪೆಕ್ಟರಿಗಿಂತ ಮೊದಲು. ನನ್ನ ಮಾತು," ಎಂದೆ.

ಅವರು ಗಡಿಯಾರ ಹಿಂದಿರುಗಿಸಿ, ಮತ್ತೆ ಹೋಗಿ ಬೆಂಚಿನ ಮೇಲೆ ಕೂತರು.

ಇನ್‌ಸ್ಪೆಕ್ಟರ್ ಬುಧವಾರವೇ ಕೈಚೆಲ್ಲಿದ್ದ. ನಾಯಿಗಳನ್ನು ವ್ಯಾನಿಗೆ ಹತ್ತಿಸಿ, "ಬ್ಯಾಗ್‌ಶಾ, ನಿಮ್ಮ ಗುಡ್ಡದ ತುಂಬ ಸೀಸದ ಗಣಿಯ ಹಳೇ ಬಿಲಗಳಿವೆ. ಯಾವುದಕ್ಕೋ ಬಿದ್ದಿದ್ದಾಳೆ. ಸಿಕ್ಕಿದರೆ ಸಿಕ್ಕಿದಳು," ಎಂದು ಹೇಳಿ ಪಟ್ಟಣಕ್ಕೆ ಹೋದ. ನಾನು ನಂಬಲಿಲ್ಲ. ನಂಬದೆ ಮಾಡಿದ್ದಾದರೂ ಏನು? ಅವಳು ನಡೆದ ದಾರಿಯನ್ನೇ ನಾಲ್ಕು ಸಲ ನಡೆದೆ.

ಆ ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಬಂದಿದ್ದಳು. ಬಂದವರೆಲ್ಲ ನೋಡುವುದನ್ನೇ ನೋಡಿದ್ದಳು. ಮೊದಲು ಗುಡ್ಡದ ನೆತ್ತಿಯ ‘ಏಳು ಮುದುಕಿಯರು’ ಎಂಬ ಹಳೇ ನಿಲುಗಲ್ಲುಗಳು. ಕುರಿ ಕಾಯುವವನು ಅವಳು ಒಂದೊಂದು ಕಲ್ಲಿಗೂ ಬೆನ್ನು ಕೊಟ್ಟು ಸ್ವಲ್ಪ ಸ್ವಲ್ಪ ಹೊತ್ತು ನಿಂತದ್ದನ್ನು ಕಂಡಿದ್ದ. ಮಧ್ಯಾಹ್ನ ನಾಲ್ಕು ಮೈಲಿ ಆಚೆಯ ಸ್ಟ್ಯಾಂಡ್‌ಲೋ ಬಂಗಲೆ. ಅಲ್ಲಿಯ ಸಹಿಪುಸ್ತಕದಲ್ಲಿ ಅವಳ ಪುಟ್ಟ ಅಕ್ಷರ ಇತ್ತು. ಮೂರೂ ಕಾಲಿಗೆ ಹಾಬ್ ಗುಹೆ, ಟಿಕೆಟ್ಟಿನ ಲೆಕ್ಕ ತಾಳೆಯಾಗಿತ್ತು. ಅಲ್ಲಿಂದ ಮುಂದೆ ಅವಳನ್ನು ಕಂಡವರಿಲ್ಲ. ಐದೂ ಐವತ್ತರ ವಾಪಸು ಬಸ್ಸಿಗೆ ಅವಳು ಹತ್ತಲಿಲ್ಲ.

ಗುಂಪನ್ನು ಚದುರಿಸಿ, ಮೆಟ್ಟಿಲು ತರಿಸಿಕೊಂಡು ಹಲಗೆಯನ್ನು ಹತ್ತಿರದಿಂದ ನೋಡಿದೆ.

ಎಸಳು ಅಂಟಿಸುವ ಕ್ರಮ ನಮ್ಮೂರಿನ ಹಸುಗೂಸಿಗೂ ಗೊತ್ತು. ಕೆಳಗಿನ ಸಾಲಿನಿಂದ ಶುರು, ಮೇಲಿನ ಸಾಲು ಅದರ ಮೇಲೆ ಅರ್ಧ ಹಾಸಬೇಕು, ಹೆಂಚು ಹೊದಿಸಿದ ಹಾಗೆ. ಆಗ ನೀರು ಜಾರಿಹೋಗುತ್ತದೆ. ಆ ದಿನದ ಮಳೆಗೆ ನಾವೆಯದಾಗಲಿ, ನಾವೆಯೊಳಗಿನ ಜಿರಾಫೆಯದಾಗಲಿ ಒಂದೆಸಳೂ ಅಲುಗಿರಲಿಲ್ಲ. ಬಿದ್ದದ್ದು ಪಾರಿವಾಳದ ಪಕ್ಕದ ಒಂದು ತುಂಡು ನೀಲಿ ಮಾತ್ರ. ಅದರ ಅಂಚಿನಲ್ಲಿ ಉಳಿದ ಎಸಳುಗಳನ್ನು ಬೆರಳಿನಿಂದ ಎತ್ತಿ ನೋಡಿದೆ. ಸಾಲುಗಳು ತಲೆಕೆಳಗಾಗಿದ್ದವು. ಮೇಲಿನಿಂದ ಕೆಳಗೆ ಅಂಟಿಸಿಕೊಂಡು ಬಂದಿದ್ದರು. ಪ್ರತಿ ಎಸಳೂ ಬಾಯಿ ತೆರೆದು ಮಳೆ ಕುಡಿದಿತ್ತು.

ಅಂದರೆ ಯಾರೋ ಆ ತುಂಡನ್ನು ಬಿಚ್ಚಿ, ಗಡಿಯಾರ ಹುದುಗಿಸಿ, ಮಣ್ಣು ಸಮ ಮಾಡಿ, ಹೂವು ಮುಚ್ಚಿದ್ದರು. ಹಲಗೆ ಮಲಗಿದ್ದಾಗಲೇ ಆಗಬೇಕಾದ ಕೆಲಸ. ಶನಿವಾರ ಬೆಳಿಗ್ಗೆ ಅದನ್ನು ಬಾವಿಯ ಮೇಲೆ ನಿಲ್ಲಿಸಿಯಾಗಿತ್ತು. ಹಾಗಾದರೆ ಶುಕ್ರವಾರದ ಸಂಜೆ, ಹಲಗೆ ಸಿದ್ಧಪಡಿಸುವ ಪಾದ್ರಿಗಳ ಕೊಟ್ಟಿಗೆಯಲ್ಲಿ.

ಮಣ್ಣಿನ ಕೆಲಸ ಅಚ್ಚುಕಟ್ಟಾಗಿತ್ತು, ಹೂವಿನ ಕೆಲಸ ತಪ್ಪಾಗಿತ್ತು. ನಮ್ಮೂರಿನಲ್ಲಿ ಮಣ್ಣು ಗಂಡಸರದು, ಎಸಳು ಹೆಂಗಸರದು. ಅದನ್ನು ಮೀರಿದವರನ್ನು ನಾನು ಕಂಡಿಲ್ಲ. ಎಸಳಿಗೆ ಎಂದೂ ಕೈ ಹಚ್ಚದ, ಮಣ್ಣಿನ ಹದ ಬಲ್ಲ ಒಬ್ಬ ಗಂಡಸು. ಅಂಥವರು ನಾಲ್ಕು ಜನ. ಅವರಲ್ಲಿ ಏವಿಸ್‌ಳನ್ನು ಕೊನೆಗೆ ಕಂಡವನು ಒಬ್ಬನೇ.

ರೂಬೆನ್ ಹೀತ್‌ಕೋಟ್ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಒಬ್ಬರೇ ಮೇಷ್ಟರ ಬೆತ್ತದೇಟು ತಿಂದವರು. ಹಾಬ್ ಗುಹೆ ಅವನ ಅಜ್ಜನ ಕಾಲದಿಂದ ಅವರ ಮನೆತನದ ಕೈಲಿದೆ. ನಾನು ಸೈಕಲ್ಲು ತಳ್ಳಿಕೊಂಡು ಹೋದಾಗ ಮೂರೂವರೆ. ಶನಿವಾರ, ಸಿಂಗಾರದ ವಾರ, ಆದರೂ ಗುಹೆಯ ಬಾಯಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಟಿಕೆಟ್ಟಿನ ಗೂಡಿನಲ್ಲಿ ರೂಬೆನ್ ಒಬ್ಬನೇ ಕೂತು ಕಂದೀಲಿನ ಗಾಜು ಒರೆಸುತ್ತಿದ್ದ.

"ಟಿಕೆಟ್ ಬೇಕಾ, ಇಲ್ಲ ಕೈಕೋಳ ತಂದಿದೀಯಾ?" ಎಂದ.

"ಗಡಿಯಾರ ಸಿಕ್ತು, ರೂಬೆನ್."

"ಗೊತ್ತು. ಎರಡಕ್ಕೆ ಬಿದ್ದದ್ದು ಎರಡೂ ಕಾಲಿಗೆ ಇಲ್ಲಿಗೆ ಬಂತು. ಈ ಊರಲ್ಲಿ ಆ ಹುಡುಗಿ ಒಬ್ಬಳನ್ನ ಬಿಟ್ಟು ಬೇರೇನೂ ಕಳೆದುಹೋಗಲ್ಲ."

"ತಮಾಷೆಗೆ ಬಂದಿಲ್ಲ ನಾನು."

"ನಾನೂ ತಮಾಷೆ ಮಾಡ್ತಿಲ್ಲ ಕಣೋ. ಎಂಟು ದಿನ ಆಯ್ತು, ಊರಿಗೆಲ್ಲ ನನ್ನ ಮೇಲೇ ಅನುಮಾನ, ನನ್ನ ತಂಗಿ ಕೂಡ ನನ್ನ ಮನೆ ಹೊಸಲು ತುಳಿದಿಲ್ಲ. ಚರ್ಚಲ್ಲಿ ನನ್ನ ಪಕ್ಕದ ಜಾಗ ಖಾಲಿ. ಹೇಳು, ಹೇಳಿ ಮುಗಿಸು."

ಹೇಳಿದೆ. ಮಣ್ಣಿನ ಕೆಲಸ ಎಷ್ಟು ಸಮವಾಗಿದೆ, ಎಸಳು ಹೇಗೆ ತಲೆಕೆಳಗಾಗಿದೆ, ಇದು ಗಂಡಸಿನ ಕೈ ಎಂದು ಏಕೆ ಗೊತ್ತಾಗುತ್ತದೆ, ಎಲ್ಲ. ಅವನು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ.

"ಅವಳು ಗುಹೆಯಿಂದ ಹೊರಗೆ ಬಂದದ್ದು ನೆನಪಿಲ್ಲ ಅಂದಿದ್ದೆ ನೀನು," ಎಂದೆ. "ಇಷ್ಟು ಚಿಕ್ಕ ಬಾಗಿಲು. ನಿನ್ನ ಮೂಗಿನ ಕೆಳಗೇ ಹಾಯಬೇಕು."

"ಅವತ್ತು ನೂರೆಪ್ಪತ್ತು ಜನ. ಒಬ್ಬೊಬ್ಬರ ಮುಖ ನೋಡಿ ನಮಸ್ಕಾರ ಹೇಳೋಕೆ ನಾನೇನು ಪಾದ್ರೀನಾ?"

"ಅವಳು ಒಬ್ಬಳೇ ಬಂದಿದ್ದಳು. ಒಂಟಿ ಹೆಂಗಸು. ನೆನಪಿರತ್ತೆ."

"ಒಂಟಿ ಹೆಂಗಸರನ್ನ ನೆನಪಿಟ್ಟುಕೊಳ್ಳೋ ಗಂಡಸು ನಾನಲ್ಲ, ಅದು ನಿನಗೂ ಗೊತ್ತು." ಕಂದೀಲನ್ನು ಕೆಳಗಿಟ್ಟ. "ವಿಲ್ಫ್, ನೀನು ನನ್ನನ್ನ ಕೊಲೆಗಾರ ಅಂತಿದೀಯ. ನಲವತ್ತೈದು ವರ್ಷದ ಗೆಳೆತನ. ಬಾಯಿಬಿಟ್ಟು ಅಂದುಬಿಡು, ನನಗೂ ಸಮಾಧಾನ."

ನಾನು ಸೈಕಲ್ಲನ್ನು ಗೂಡಿಗೆ ಒರಗಿಸಿದೆ.

"ಗಂಡಸಿಗೆ ಎಸಳು ಅಂಟಿಸೋಕೆ ಬರಲ್ಲ, ಸರಿ," ಎಂದ. "ನಮ್ಮಮ್ಮನ ಕಾಲ ಬುಡದಲ್ಲಿ ಕೂತು ಹತ್ತು ವರ್ಷ ನೋಡಿದೀನಿ ನಾನು. ಮಾಡೋಕೆ ಬರದೆ ಇರಬಹುದು, ಎಲ್ಲಿಂದ ಶುರು ಅಂತ ಗೊತ್ತಿಲ್ವಾ? ನಿನಗೆ ಗೊತ್ತಿಲ್ವಾ? ಗೊತ್ತಿದ್ದಕ್ಕೇ ತಾನೆ ತಪ್ಪು ಕಂಡಿದ್ದು ನಿನಗೆ?"

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು.

"ಈ ಕಡೆ ಬಾ," ಎಂದು ಒಂದು ಹಿಡಿ ಹಳೇ ಟಿಕೆಟ್ ತೆಗೆದು ಗೂಡಿನ ಹಲಗೆಯ ಮೇಲೆ ಜೋಡಿಸತೊಡಗಿದ. ಮೊದಲ ಸಾಲು ತನ್ನ ಹೊಟ್ಟೆಯ ಹತ್ತಿರ, ಎರಡನೆಯದು ಅದರಾಚೆ, ಮೂರನೆಯದು ಇನ್ನೂ ಆಚೆ. ಒಂದೊಂದು ಸಾಲೂ ಹಿಂದಿನದರ ಮೇಲೆ ಅರ್ಧ ಹಾಸಿತ್ತು. "ಹೆಂಗಸರ ಕೈ ಹೀಗೆ ಹೋಗತ್ತೆ. ತನ್ನ ಹತ್ತಿರದಿಂದ ಶುರು, ಮುಂದಕ್ಕೆ ಮುಂದಕ್ಕೆ. ಯೋಚನೆ ಮಾಡಿ ಮಾಡಲ್ಲ ಅವರು. ಹಲಗೆ ಮಲಗಿರತ್ತೆ, ಅವರು ಬುಡದ ಕಡೆ ಕೂತಿರ್ತಾರೆ. ಹಾಗಾಗಿ ಅವರ ಹತ್ತಿರದ್ದು ಅಂದ್ರೆ ಚಿತ್ರದ ಕೆಳಗಿನದು. ಸರೀನಾ?"

"ಸರಿ."

"ಈಗ ಅದೇ ಕೈ, ಅದೇ ಅಭ್ಯಾಸ. ಆದರೆ ಹಲಗೆಯ ತಲೆಯ ಕಡೆ ಕೂತಿದೆ ಅಂದ್ಕೋ." ಅವನು ನನ್ನ ಭುಜ ಹಿಡಿದು ಎದುರು ಬದಿಗೆ ನಿಲ್ಲಿಸಿದ. "ಈಗ ಬುಡದ ಕಡೆಯಿಂದ ನೋಡು."

ನೋಡಿದೆ. ಸಾಲುಗಳೆಲ್ಲ ತಲೆಕೆಳಗಾಗಿದ್ದವು. ಬಾಯಿ ತೆರೆದು ಮಳೆ ಕುಡಿಯುವ ಹಾಗೆ.

"ಬರದವರ ತಪ್ಪಲ್ಲ ಇದು," ಎಂದ ರೂಬೆನ್. "ಚೆನ್ನಾಗಿ ಬರೋರ ತಪ್ಪು. ಕಣ್ಣು ಮುಚ್ಚಿ ಮಾಡಬಲ್ಲಂಥವರ ತಪ್ಪು. ಇನ್ನು ಮಣ್ಣು ಅಂತೀಯ. ಮೂವತ್ತು ವರ್ಷ ಬ್ರೆಡ್ಡಿನ ಹಿಟ್ಟು ನಾದಿದ ಕೈಗೆ ಅಂಗೈಯಗಲ ಮಣ್ಣು ಸಮ ಮಾಡೋದು ದೊಡ್ಡದಾ?"

ತನ್ನ ಮಾತು ಎಲ್ಲಿಗೆ ಬಂದು ನಿಂತಿತೆಂದು ಅವನಿಗೂ ಆಗಲೇ ಹೊಳೆದಿರಬೇಕು. ಟಿಕೆಟ್ಟುಗಳನ್ನು ಗಡಿಬಿಡಿಯಿಂದ ಒಟ್ಟು ಮಾಡತೊಡಗಿದ.

"ಹಲಗೆಯ ತಲೆಯ ಕಡೆ ಯಾರೂ ಕೂರಲ್ಲ," ಎಂದೆ. "ಅಲ್ಲಿ ಗೋಡೆ. ಬೆಂಚು ಹಿಡಿಯಲ್ಲ."

"ಹೌದು, ಬೆಂಚು ಹಿಡಿಯಲ್ಲ."

"ಒಂದು ಕುರ್ಚಿ ಹಿಡಿಯತ್ತೆ."

"ನಾನು ಯಾರ ಹೆಸರೂ ಹೇಳಲ್ಲ, ವಿಲ್ಫ್."

"ಹೇಳು."

ಅವನು ಗುಹೆಯ ಕತ್ತಲೆಯ ಕಡೆ ಮುಖ ತಿರುಗಿಸಿಕೊಂಡ. "ಶುಕ್ರವಾರ ಆರು ಗಂಟೆಗೆ ಗುಹೆ ಬೀಗ ಹಾಕಿ, ಮಣ್ಣಿನ ಹದ ನೋಡೋಣ ಅಂತ ಕೊಟ್ಟಿಗೆಗೆ ಬಂದೆ. ಎಲ್ಲರೂ ಊಟಕ್ಕೆ ಹೋಗಿದ್ದರು. ಆ ಕುರ್ಚೀಲಿ ಅವಳೊಬ್ಬಳೇ ಇದ್ದಳು. ಮಡಿಲಲ್ಲಿ ನೀಲಿ ಎಸಳಿತ್ತು. ನನ್ನ ನೋಡಿ ಬೆಚ್ಚಿದಳು. ಸೊಂಟ ನೋಯ್ತಿದೆಯೇನೋ, ಪಾಪ, ಅಂದ್ಕೊಂಡೆ."

ಹಿಲ್ಡಾ, ನನ್ನ ಹೆಂಡತಿ. ಸೊಂಟದ ಮೂಳೆ ಕೆಟ್ಟ ಮೇಲೆ, ಮೂರು ವರ್ಷದಿಂದ ಅವಳು ಎಸಳು ಅಂಟಿಸಿಲ್ಲ. ಬಗ್ಗಿ ಕೂರಲು ಆಗದೆ ಗೋಡೆಯ ಕಡೆ ಬೆನ್ನು ಎತ್ತರದ ಕುರ್ಚಿ ಹಾಕಿಸಿಕೊಂಡು, ಬಣ್ಣ ಬಣ್ಣದ ಎಸಳು ವಿಂಗಡಿಸಿ ಕೊಡುವುದು, ಮೇಲಂಚಿಗೆ ಪಾಚಿ ಒತ್ತುವುದು, ಅಷ್ಟೆ. ಅದಕ್ಕೂ ಮುಂಚೆ ಇಪ್ಪತ್ತೆಂಟು ವರ್ಷ ಇಡೀ ಆಕಾಶ ಅವಳದೇ ಆಗಿತ್ತು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಆಕಾಶ ಮಾಡುವವರು ಇರಲಿಲ್ಲ.

ಇಳಿಜಾರಿನಲ್ಲೂ ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡೇ ಬಂದೆ. ಎಂಟು ದಿನ ನಾನು ಒದ್ದೆ ಬೂಟು ಕಳಚಿ ಒಲೆಯ ಮುಂದೆ ಕೂತು, ಇವತ್ತೂ ಸಿಗಲಿಲ್ಲ ಹಿಲ್ಡಾ ಎಂದಿದ್ದೆ. ಎಂಟು ದಿನವೂ ಅವಳು ನನ್ನ ಮುಂದೆ ತಟ್ಟೆಯಿಟ್ಟು, ತಿನ್ನು ಎಂದಿದ್ದಳು. ಆ ಹೆಂಗಸಿನ ಗಡಿಯಾರ ಎಲ್ಲಿದೆ ಎಂದು ತಿಳಿದುಕೊಂಡೇ ಆಲೂಗಡ್ಡೆ ಬಡಿಸಿದ್ದಳು. ಮೂವತ್ತೊಂದು ವರ್ಷದ ಹಿಂದೆ ನಾನು ಮದುವೆಯಾದದ್ದು ಯಾರನ್ನು?

ಸುಮ್ಮನಿದ್ದುಬಿಡಬಹುದಿತ್ತು. ಮರುದಿನ ಹಲಗೆ ಇಳಿಸುತ್ತಾರೆ, ಮಣ್ಣು ಕೆರೆದು ಹೊಂಡಕ್ಕೆ ಹಾಕುತ್ತಾರೆ, ಎಸಳು ಕೊಳೆಯುತ್ತದೆ. ರೂಬೆನ್ ಬಾಯಿ ಬಿಡುವವನಲ್ಲ. ಹೊಲದ ಗೋಡೆಗೆ ಒರಗಿ ಅದನ್ನೆಲ್ಲ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬಾವಿಯ ಬಳಿ ಬಂದಾಗ ಆ ಮುದುಕರು ಅದೇ ಬೆಂಚಿನ ಮೇಲೆ, ಒದ್ದೆ ಕೋಟಿನಲ್ಲಿ, ಟೋಪಿ ಮೊಣಕಾಲಿನ ಮೇಲಿಟ್ಟು ಕೂತಿದ್ದರು. ನನ್ನ ಮುಖ ನೋಡಿಯೇ ಎದ್ದು ನಿಂತರು.

"ನಿಮಗೆ ಗೊತ್ತಾಯ್ತು," ಎಂದರು.

"ಗೊತ್ತಾಯ್ತು. ನನ್ನ ಮನೇಲೇ ಇದೆ ಉತ್ತರ, ಮಿಸ್ಟರ್ ಟ್ಯಾನ್ಸ್ಲಿ."

"ನಿಮ್ಮ ಮನೆ?"

"ನನ್ನ ಹೆಂಡತಿ." ಆ ಎರಡು ಪದ ಹೇಳುವಷ್ಟರಲ್ಲಿ ನನಗೆ ಹತ್ತು ವರ್ಷ ವಯಸ್ಸಾಗಿತ್ತು. "ಅವಳು ಏನು ಮಾಡಿದಳು, ಯಾಕೆ ಮಾಡಿದಳು, ಗೊತ್ತಿಲ್ಲ. ಕೇಳ್ತೀನಿ. ನಿಮಗೆ ಕೊಟ್ಟ ಮಾತಿದೆ. ನೀವೇ ಬಂದು ಕಿವಿಯಾರೆ ಕೇಳಿ."

ಅವರು ನನ್ನ ಕೈ ಒತ್ತಿದರು. "ನೀವು ದೊಡ್ಡ ಮನುಷ್ಯರು," ಎಂದರು. ಆ ಹೊತ್ತಿಗೆ ಆ ಮಾತು ನನಗೆ ಬೇಕಾಗಿತ್ತು.

ಪೊಲೀಸರ ಮನೆ ಬಾವಿಯ ಎದುರಿಗೇ. ಮುಂದಿನ ಕೋಣೆ ಕಚೇರಿ, ಅದಕ್ಕೆ ತಾಗಿ ಹಿಂದಿನದು ಅಡುಗೆಮನೆ, ನಡುವೆ ಒಂದು ಬಾಗಿಲು. ಮುದುಕರನ್ನು ಕಚೇರಿಯ ಕುರ್ಚಿಯಲ್ಲಿ ಕೂರಿಸಿ, ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಒಳಗೆ ಹೋದೆ.

ಹಿಲ್ಡಾ ಮೇಜಿನ ಬಳಿ ಬಟಾಣಿ ಸುಲಿಯುತ್ತಿದ್ದಳು. ನಾನು ಗಡಿಯಾರವನ್ನು ಸಿಪ್ಪೆಯ ಪಕ್ಕ ಇಟ್ಟೆ. ಅವಳ ಕೈ ನಿಂತಿತು.

"ಬಿದ್ದುಹೋಯ್ತಾ," ಎಂದಳು.

"ನೀನು ತಲೆಕೆಳಗಾಗಿ ಅಂಟಿಸಿದ್ದೆ."

ಅವಳು ಬೆರಳಿನಿಂದ ಮೇಜಿನ ಮೇಲೆ ಸಾಲು ಎಳೆದು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. "ಆ ಕುರ್ಚಿ," ಎಂದಳು. "ಅಯ್ಯೋ ದೇವರೇ. ಕೈ ತನ್ನಷ್ಟಕ್ಕೆ ತಾನು ಹೋಯ್ತು."

"ಆ ಹುಡುಗಿ ಎಲ್ಲಿ, ಹಿಲ್ಡಾ?"

"ಬಾಗಿಲು ಹಾಕು."

"ಇರಲಿ ಬಿಡು."

"ಹಾಕು ವಿಲ್ಫ್. ಯಾರಾದರೂ ಬಂದಾರು."

"ಯಾರೂ ಬರಲ್ಲ. ಹೇಳು. ಸತ್ತಿದಾಳಾ?"

ಅವಳು ನನ್ನನ್ನು ನೋಡಿದಳು. ಅವಳಿಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ಸತ್ತಿಲ್ಲ. ಸತ್ತಳು ಅಂತ ಎಲ್ಲರೂ ಅಂದುಕೊಳ್ಳಲಿ ಅಂತ ಅವಳ ಆಸೆ."

ನಾನು ಅವಳ ಎದುರು ಕೂತೆ.

"ಶುಕ್ರವಾರ ಎಲ್ಲರೂ ಊಟಕ್ಕೆ ಹೋದ ಮೇಲೆ ಕೊಟ್ಟಿಗೆಗೆ ಬಂದಳು," ಎಂದಳು ಹಿಲ್ಡಾ. "ಪ್ರವಾಸಿಗರು ಬಂದು ಒಂದೊಂದು ಎಸಳು ಅಂಟಿಸ್ತಾರಲ್ಲ, ಹಾಗೆ ಬಂದಳು. ಅಂಟಿಸಿದಳು. ಬಸ್ಸಿಗೆ ಹೊತ್ತಾಯ್ತಲ್ಲ ಅಂದೆ. ಅಷ್ಟಕ್ಕೇ ಅವಳ ಹಲ್ಲು ಕಟಕಟ ಅಂತ ಬಡೀತು. ಜೂನ್ ತಿಂಗಳಲ್ಲಿ. ಏನಮ್ಮಾ ಅಂದೆ. ಮನೆಗೆ ಹೋಗಲಾರೆ ಅಂದಳು. ಏಳು ಗಂಟೆಗೆ ಒಂದು ನಿಮಿಷ ತಡ ಆದ್ರೂ ಅಪ್ಪ ಬಾಗಿಲಲ್ಲಿ ನಿಂತಿರ್ತಾರೆ, ಇವತ್ತು ಹೇಳದೆ ಬಂದಿದೀನಿ ಅಂದಳು."

"ಅವರು ಬಡಪಾಯಿ ಮುದುಕರು, ಹಿಲ್ಡಾ."

"ನಾನೂ ಅವನಿಗೆ ಚಹಾ ಕೊಟ್ಟಿದೀನಿ. ಬಡಪಾಯಿ ಹಾಗೇ ಕಾಣ್ತಾನೆ." ಅವಳು ತನ್ನ ಎಡಗೈ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡಳು. "ಗಡಿಯಾರ ಬಿಚ್ಚಿ ತೋರಿಸಿದಳು. ಅದರ ಕೆಳಗೆ ಇಸ್ತ್ರಿಪೆಟ್ಟಿಗೆಯ ಮೂಗಿನಿಂದ ಸುಟ್ಟ ಗುರುತು. ಚರ್ಮ ಒಳಕ್ಕೆ ಸೇದಿಕೊಂಡಿದೆ. ಇಪ್ಪತ್ತೊಂದು ತುಂಬಿದ ದಿನ ಬೇರೆ ಊರಲ್ಲಿ ಕೆಲಸಕ್ಕೆ ಹೋಗ್ತೀನಿ ಅಂದಿದ್ದಕ್ಕೆ. ಅವತ್ತೇ ಸಂಜೆ ಅವನೇ ಪೇಟೆಗೆ ಹೋಗಿ ಈ ಗಡಿಯಾರ ತಂದು, ಗಾಯ ಮುಚ್ಚೋ ಹಾಗೆ ಕಟ್ಟಿದನಂತೆ. ಬಿಚ್ಚಿದರೆ ಇನ್ನೊಂದು ಕೈಗೂ ಕಟ್ಟಬೇಕಾಗತ್ತೆ ಅಂದನಂತೆ."

ನನ್ನ ಬೆನ್ನ ಹಿಂದೆ ಆ ಬಾಗಿಲು ಗೇಣು ತೆರೆದಿತ್ತು. ಯಾರು ಬಿಚ್ಚಿದ್ದು ಎಂದು ಅವರು ಕೇಳಿದ್ದರು. ಮಗಳು ಬದುಕಿದ್ದಾಳಾ ಎಂದು ಒಂದು ದಿನವೂ ಕೇಳಿರಲಿಲ್ಲ. ಅದು ನನಗೆ ಆಗ ತಿಳಿಯಿತು.

ಏಳಬೇಕಿತ್ತು. ಬಾಯಿ ಮುಚ್ಚು ಎಂದು ಅವಳಿಗೆ ಹೇಳಬೇಕಿತ್ತು. ಆದರೆ ಅವಳು ಎಂಟು ದಿನದ ಭಾರ ಇಳಿಸುವ ಆತುರದಲ್ಲಿದ್ದಳು.

"ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಹೇಳಿದ್ರೆ ನೀನು ಬರೀತಿದ್ದೆ. ಬರೆದ್ರೆ ಇನ್‌ಸ್ಪೆಕ್ಟರ್ ಓದ್ತಿದ್ದ. ಓದಿದವನು ನೇರ ಹೋಗಿ ಅಪ್ಪನ ಭುಜ ತಟ್ಟಿ, ಸಿಕ್ಕಿದಳು ಅಂತಿದ್ದ. ನೀನು ಸುಳ್ಳು ಹೇಳಲಾರೆ, ವಿಲ್ಫ್. ಅದೇ ನನಗೆ ಭಯ. ಮತ್ತೆ ಕಟ್ಟಲ್ಲ ಅಂತ ಅವಳು ಬಿಟ್ಟುಹೋದ ಗಡಿಯಾರ ಮನೇಲಿಡೋ ಹಾಗಿಲ್ಲ, ಇದು ಪೊಲೀಸಿನ ಮನೆ. ಬಾವಿಗೆ ಒಪ್ಪಿಸಿದೆ. ನಾಳೆ ಮಣ್ಣು ಕೆರೆಯುವಾಗ ನಾನೇ ತಗೊಳ್ಳೋಣ ಅಂತಿದ್ದೆ."

"ಸಾಕು, ಹಿಲ್ಡಾ," ಎಂದೆ. ಮಾತು ಪಿಸುಗುಟ್ಟಿದ ಹಾಗೆ ಬಂತು.

"ಅವಳನ್ನ ಹೊಲದ ದಾರೀಲಿ ಸ್ಟ್ಯಾಂಡ್‌ಲೋಗೆ ಕಳಿಸಿದೆ. ಅಲ್ಲಿ ಕೆಲಸಕ್ಕಿರೋ ನಮ್ಮ ಎಥೆಲ್ ಹತ್ತಿರ, ಬಂಗಲೆಯ ಹಿಂದಿನ ಬಟ್ಟೆ ಒಗೆಯೋ ಮನೇಲಿ. ಕೂದಲು ಕತ್ತರಿಸಿಕೊಂಡಿದಾಳೆ. ನೀನು ನಾಲ್ಕು ಸಲ ಹೋಗಿದ್ದೆಯಂತೆ ಅಲ್ಲಿಗೆ. ಮುಂಬಾಗಿಲಲ್ಲಿ ಸಹಿಪುಸ್ತಕ ನೋಡಿ ಬಂದೆಯಂತೆ. ಸೋಮವಾರ ಎಥೆಲ್ ಅವಳನ್ನ ಲಿವರ್‌ಪೂಲ್ ರೈಲು ಹತ್ತಿಸ್ತಾಳೆ. ಇನ್ನೆರಡು ದಿನ ವಿಲ್ಫ್, ಎರಡೇ ದಿನ ಸುಮ್ಮನಿರು, ನಿನ್ನ ಕಾಲಿಗೆ ಬೀಳ್ತೀನಿ."

ಮುಂದಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

ಹಿಲ್ಡಾ ಮೇಜು ಹಿಡಿದು ಎದ್ದಳು. "ಅಲ್ಲಿ ಯಾರಿದ್ದಾರೆ?"

ನಾನು ಎದ್ದು ಬಾಗಿಲಿನ ಕಡೆ ತಿರುಗಿದೆ.

"ವಿಲ್ಫ್, ಅಲ್ಲಿ ಯಾರನ್ನ ಕೂರಿಸಿದೀಯ?"

ನಾನು ಬಾಗಿಲು ತಳ್ಳಿ ನುಗ್ಗುವಷ್ಟರಲ್ಲಿ ಕಚೇರಿ ಖಾಲಿಯಾಗಿತ್ತು. ಕುರ್ಚಿಯನ್ನು ನೀಟಾಗಿ ಮೇಜಿನ ಕೆಳಗೆ ಸೇರಿಸಿಟ್ಟಿದ್ದರು. ಬಂಗಲೆಗೆ ಫೋನು ಮಾಡೋಣವೆಂದು ಊರಿಗಿದ್ದ ಆ ಒಂದೇ ಫೋನಿನ ರಿಸೀವರ್ ಎತ್ತಿದೆ. ಏನೂ ಕೇಳಿಸಲಿಲ್ಲ. ತಂತಿಯನ್ನು ಗೋಡೆಯ ಬುಡದಿಂದ ಕಿತ್ತು, ಸುತ್ತಿ, ಮೂಲೆಯಲ್ಲಿ ಇಟ್ಟಿದ್ದರು.

ಬೀದಿಗೆ ಓಡಿದೆ. ಮಳೆಗೆ ಹೆದರಿ ಪ್ರವಾಸಿಗರೆಲ್ಲ ಹೊರಟುಹೋಗಿದ್ದರು. ಬಾವಿಯ ಬಳಿ ಒಂದು ಗಾಡಿಯಿಲ್ಲ, ಮನುಷ್ಯರಿಲ್ಲ. ಅಲ್ಲಿಂದಲೇ ಹೊರಡುವ ಐದೂ ಹತ್ತರ ಬಸ್ಸು ಚರ್ಚು ದಾಟಿ ಸ್ಟ್ಯಾಂಡ್‌ಲೋದ ಏರು ಹತ್ತುತ್ತಿತ್ತು. ಕೊನೆಯ ಸೀಟಿನ ಗಾಜಿನಲ್ಲಿ ಆ ಮುದುಕರು ನನ್ನನ್ನು ಗುರುತಿಸಿ, ಉಪಕಾರ ಸ್ಮರಿಸುವವರಂತೆ ಟೋಪಿ ಎತ್ತಿದರು.

ಹಿಲ್ಡಾ ಬಾಗಿಲಿನ ಕಂಬ ಹಿಡಿದು ನಿಂತಿದ್ದಳು.

ನಾನು ಸೈಕಲ್ಲು ಹತ್ತಿದೆ. ಆ ಏರು ಹತ್ತಿ ಬಂಗಲೆ ಮುಟ್ಟಲು ನನ್ನ ಕಾಲಿಗೆ ನಲವತ್ತು ನಿಮಿಷ ಬೇಕು. ಬಸ್ಸಿಗೆ ಹನ್ನೆರಡು ಸಾಕು.